ನಲವತ್ತು ಸೆಕೆಂಡು

"ಹನ್ನೊಂದನೇ ಕ್ಲಾಸ್ ಮುಗಿಸಕ್ಕಾಗ್ದೇ ಓಡ್ಬಂದೋನು, ಕ್ವಾರ್ಟರ್‌ಬ್ಯಾಕ್ ತಲೇಲಿ ಏನಿದೆ ಅಂತ ನಮಗೆ ಪಾಠ ಹೇಳ್ತಾನೆ ಕಣ್ರೋ! ಲೋ ಗ್ಯಾರೆಟ್, ನೀನು ಟೈರಿಗೆ ಗಾಳಿ ಹೊಡಿ. ತಲೆ ಕೆಲ್ಸ ತಲೆ ಇರೋರಿಗೆ ಬಿಡು."

ಲೆನ್ ಇದನ್ನು ಗುಡ್ಡದ ಇಳಿಜಾರಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದ. ಮಡಚು ಕುರ್ಚಿಗಳ ಮೂರು ಸಾಲು ನಕ್ಕಿತು. ಲೆನ್ ನನ್ನ ಮಾಲೀಕ. ವಾರವಿಡೀ ಟೈರ್ ಅಂಗಡಿಯಲ್ಲಿ ಬೈಸಿಕೊಳ್ಳುವುದು ಸಾಲದು ಅಂತ ಶನಿವಾರವೂ ಅವನ ಟ್ರಕ್ಕಿನಲ್ಲಿ ಇಲ್ಲಿಗೆ ಬಂದಿದ್ದೆ. ತಪ್ಪು ನನ್ನದೇ.

ಪ್ರತಿ ಆಗಸ್ಟಿನಲ್ಲೂ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಈ ಕಾಲೇಜಿನ ಮೈದಾನದಲ್ಲೇ ತರಬೇತಿ ನಡೆಸುತ್ತದೆ. ಗುಡ್ಡದ ಮೇಲೆ ಯಾರ ಕುರ್ಚಿ ಎಲ್ಲಿ ಎನ್ನುವುದು ಅಪ್ಪಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಲೆನ್‌ನ ಎಡಕ್ಕೆ ಡೊಲೋರಿಸ್, ನಲವತ್ತು ವರ್ಷ ಶಾಲಾ ಬಸ್ ಓಡಿಸಿದ ಮುದುಕಿ. ಬಲಕ್ಕೆ ಮಾರ್ಟಿ. ದಿನಾ ಸಂಜೆ ಐದಕ್ಕೆ ರೇಡಿಯೊದವರಿಗೆ ಫೋನ್ ಮಾಡಿ ತಂಡದ ಬಗ್ಗೆ ಮಾತಾಡುವುದೇ ಅವನ ಉದ್ಯೋಗ. ಅವನು ಐದಕ್ಕೆ ಹೇಳಿದ್ದನ್ನು ಐದೂವರೆಗೆ ಇಡೀ ಜಿಲ್ಲೆ ಹೇಳುತ್ತಿರುತ್ತದೆ.

ಮೂರು ವಾರದಿಂದ ಒಂದೇ ಮಾತು: ವೇಡ್ ಕ್ರೌಸ್. ಹೊಸ ಕ್ವಾರ್ಟರ್‌ಬ್ಯಾಕ್, ಅಂದರೆ ಪ್ರತಿ ಸಲ ಯಾವ ಆಟ ಅಂತ ತಂಡಕ್ಕೆ ಹೇಳಿ ಚೆಂಡು ಎಸೆಯುವವನು; ಇಪ್ಪತ್ಮೂರು ವರ್ಷ. ಗುರುವಾರದ ಅಭ್ಯಾಸ ಪಂದ್ಯದಲ್ಲಿ ನಾಲ್ಕು ಸಲ ಗಡಿಯಾರ ಮುಗಿಯುವವರೆಗೂ ಆಟ ಶುರು ಮಾಡಲಾಗದೆ ನಾಲ್ಕು ಸಲವೂ ತಂಡಕ್ಕೆ ದಂಡ ಹಾಕಿಸಿದ್ದ.

"ನಲವತ್ತು ಸೆಕೆಂಡು ಇರುತ್ತೆ," ಮಾರ್ಟಿ ಬೆರಳು ಮಡಚಿದ. "ಮುಂದಿನ ಆಟದ ಹೆಸ್ರನ್ನ ಕೋಚ್ ಹೆಲ್ಮೆಟ್ಟಿನ ರೇಡಿಯೊದಲ್ಲಿ ಕಿವಿಗೇ ಊದ್ತಾನೆ. ಇವ್ನು ಅದನ್ನ ಹತ್ತು ಜನಕ್ಕೆ ತಿರುಗಿ ಹೇಳ್ಬೇಕು, ಅಷ್ಟೇ. ನಮ್ಮನೆ ಗಿಳಿ ಮಾಡುತ್ತೆ ಆ ಕೆಲ್ಸ."

"ಪಾಪ, ಲೆಕ್ಕಕ್ಕಿಲ್ಲದ ಪಂದ್ಯ ಅದು," ಅಂದಳು ಡೊಲೋರಿಸ್, ಹ್ಯಾಮ್ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಾ. "ಸ್ವಲ್ಪ ಟೈಮ್ ಕೊಡ್ರಪ್ಪ."

"ಮಂಗಳವಾರ ತಂಡದ ಪಟ್ಟಿಗೆ ಕತ್ತರಿ ಬೀಳುತ್ತೆ ಕಣಮ್ಮ. ಎಲ್ಲಿಂದ ತರೋದು ಟೈಮು?" ಎಂದ ಮಾರ್ಟಿ. " ಮಂದಬುದ್ಧಿ ಅವ್ನು. ತೋಳಿದೆ, ತಲೆ ಇಲ್ಲ."

ಇಲ್ಲಿಯೇ ನಾನು ಬಾಯಿ ಹಾಕಿದ್ದು. "ಅವ್ನು ಮಂದಬುದ್ಧಿ ಅಲ್ಲ. ನನಗ್ಗೊತ್ತು," ಎಂದೆ. ಅದಕ್ಕೇ ಲೆನ್ ಹನ್ನೊಂದನೇ ಕ್ಲಾಸು ತೆಗೆದದ್ದು.

ನನಗೆ ನಿಜವಾಗಿ ಗೊತ್ತು. ಇಲ್ಲಿಂದ ಉತ್ತರಕ್ಕೆ ಮೂರು ಗಂಟೆ ದೂರದ ಒಂದು ಹಾಳು ಊರಿನ ಶಾಲೆಯಲ್ಲಿ ನಾನು ಸೆಂಟರ್, ವೇಡ್ ಕ್ವಾರ್ಟರ್‌ಬ್ಯಾಕ್. ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಅವನ ಕೈಗೆ ಕೊಡುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಇತ್ತು, ಅದು ಕೋಚ್‌ಗೂ ಗೊತ್ತಿರಲಿಲ್ಲ. ವೇಡ್‌ಗೆ ತೊದಲು. ಅಂಗಡಿಯಲ್ಲಿ, ಮನೆಯಲ್ಲಿ ಹೇಗೋ ಸುಧಾರಿಸುತ್ತಿದ್ದ, ಕಷ್ಟದ ಪದ ಬಂದರೆ ಪಕ್ಕದ ಪದ ಹಿಡಿದು ದಾಟುತ್ತಿದ್ದ. ಮೈದಾನದಲ್ಲಿ ಪಕ್ಕದ ಪದ ನಡೆಯುವುದಿಲ್ಲ. ಆಟದ ಹೆಸರು ಇದ್ದಂತೆಯೇ ಹೇಳಬೇಕು. ಎಲ್ಲರೂ ತಲೆ ಕೂಡಿಸಿ ನಿಂತಾಗ ಅವನ ಗಂಟಲು ಕಟ್ಟಿದರೆ ನನ್ನ ಬೆರಳು ಹಿಚುಕುತ್ತಿದ್ದ, ನಾನು ಹೇಳುತ್ತಿದ್ದೆ. ಹೀಗೆ ಎರಡು ವರ್ಷ. ಸೆಂಟರ್ ಬಾಯಿಬಡುಕ ಅಂತ ಎಲ್ಲರೂ ತಿಳಿದರು. ತಿಳಿಯಲಿ ಅಂತ ನಾವೂ ಬಿಟ್ಟೆವು.

ಆಮೇಲೆ ಅಪ್ಪನ ಬೆನ್ನು ಮುರಿಯಿತು, ನಾನು ಶಾಲೆ ಬಿಟ್ಟೆ. ಕೊನೆಯ ದಿನ ಶಾಲೆಯ ಮುಂದೆ ನಿಲ್ಲಿಸಿದ್ದ ಕಾರುಗಳ ನಡುವೆ ನಿಂತು ವೇಡ್ ಒಂದೇ ಮಾತು ಕೇಳಿದ್ದ: "ಯಾರಿಗೂ ಹೇಳ್ಬೇಡ." ಆಯ್ತು ಅಂದೆ. ಅವನ ಕಾಲೇಜಿನ ತಂಡದಲ್ಲಿ ಮಾತೇ ಬೇಕಿರಲಿಲ್ಲ. ಅಂಚಿನಲ್ಲಿ ನಿಂತವರು ದೊಡ್ಡ ಚಿತ್ರದ ಹಲಗೆ ಎತ್ತಿ ತೋರಿಸುತ್ತಿದ್ದರು, ಎಲ್ಲರೂ ನೋಡಿ ಆಡುತ್ತಿದ್ದರು. ಅಲ್ಲಿ ಅವನು ರಾಜ. ಇಲ್ಲಿ ಹಲಗೆ ಇಲ್ಲ. ಹದಿನಾಲ್ಕು ಪದದ ಆಟದ ಹೆಸರು, ನಲವತ್ತು ಸೆಕೆಂಡು, ಬೆರಳು ಹಿಚುಕಲು ಯಾರೂ ಇಲ್ಲ.

ಐದು ವರ್ಷದಲ್ಲಿ ಅವನು ಒಂದು ಸಲವೂ ನನಗೆ ಫೋನ್ ಮಾಡಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಟೈರಿನ ಕರಿ ತೊಳೆಯುವಾಗೆಲ್ಲ ಅದು ನೆನಪಾಗಿ ಕೈಯನ್ನು ಇನ್ನೂ ಗಟ್ಟಿಯಾಗಿ ಉಜ್ಜುತ್ತೇನೆ.

"ಇವ್ನು ಎರಡು ವರ್ಷದಿಂದ ಕಥೆ ಹೊಡೀತಿದಾನೆ," ಲೆನ್ ಮಾರ್ಟಿಯ ಕಡೆ ತಿರುಗಿದ. "ಕ್ರೌಸ್‌ಗೆ ಚೆಂಡು ಕೊಡ್ತಿದ್ದಿದ್ದು ಇವ್ನಂತೆ. ನಾನು ಪೋಪ್‌ಗೆ ಟೋಪಿ ಹೊಲಿದು ಕೊಡ್ತಿದ್ದೆ, ಗೊತ್ತಾ?"

"ಹೌದೇನಪ್ಪಾ?" ಮಾರ್ಟಿ ಕಣ್ಣು ಕಿರಿದು ಮಾಡಿದ. "ಹಂಗಾದ್ರೆ ಹೇಳು, ಅವ್ನಿಗೆ ಯಾಕೆ ಅಷ್ಟು ಹೊತ್ತು? ಐದು ಗಂಟೆಗೆ ನಿನ್ನ ಹೆಸ್ರು ಹೇಳೇ ಮಾತಾಡ್ತೀನಿ."

"ಗೊತ್ತಿಲ್ಲ," ಎಂದೆ.

"ಈಗ ತಾನೇ ಗೊತ್ತು ಅಂದೆ!"

ಕೆಳಗೆ ಸೀಟಿ ಊದಿದರು. ತರಬೇತಿ ಮುಗಿದ ಮೇಲೆ ಆಟಗಾರರು ಗುಡ್ಡ ಹತ್ತಿಯೇ ಹಾಸ್ಟೆಲ್‌ಗೆ ಹೋಗಬೇಕು, ದಾರಿಯುದ್ದಕ್ಕೂ ನಮ್ಮ ಕಡೆ ಹಗ್ಗ ಕಟ್ಟಿರುತ್ತಾರೆ. ಹೆಸರು ಹಿಡಿದು ಕರೆದರೆ ನಿಲ್ಲಬೇಕು, ಅದು ಇಲ್ಲಿಯ ಮರ್ಯಾದೆ. ವೇಡ್ ಕೊನೆಯಲ್ಲಿ ಬಂದ. ಹೆಲ್ಮೆಟ್ ಕೈಯಲ್ಲಿತ್ತು. ಬೆವರಿಗಿಂತ ಹೆಚ್ಚಾಗಿ ಯಾವುದೋ ಭಾರಕ್ಕೆ ಭುಜ ಜೋತುಬಿದ್ದಂತಿತ್ತು.

"ವೇಡ್! ವೇಡ್ ಕ್ರೌಸ್!" ಲೆನ್ ಎದ್ದು ನಿಂತು ನನ್ನ ಕೊರಳಪಟ್ಟಿ ಹಿಡಿದು ಹಗ್ಗದತ್ತ ನೂಕಿದ. "ಇವ್ನು ಯಾರು ಹೇಳಪ್ಪ! ಹೆಸ್ರು ಹೇಳು ಸಾಕು!"

ವೇಡ್ ನಿಂತ. ನನ್ನನ್ನು ನೋಡಿದ. ಮುಖದ ಬಣ್ಣವೇ ಬದಲಾಯಿತು. ಬಾಯಿ ತೆರೆದ.

ನನ್ನ ಹೆಸರಿನ ಮೊದಲ ಅಕ್ಷರ ಅವನಿಗೆ ಯಾವತ್ತೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಅವನು ನನ್ನನ್ನು ಅಡ್ಡಹೆಸರಿನಿಂದಲೇ ಕರೆಯುತ್ತಿದ್ದ. ಇಷ್ಟು ಜನರ ಮುಂದೆ ಅದು ಹೊಳೆಯಲಿಲ್ಲವೋ, ಅಥವಾ ಈ ಸಲವಾದರೂ ಪೂರ್ತಿ ಹೆಸರು ಹೇಳಬೇಕು ಅಂತ ಹಟ ಬಂತೋ. ದವಡೆ ಬಿಗಿಯಿತು. ಗಂಟಲಿನ ಗಂಟು ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಬಲಗೈ ಬೆರಳುಗಳು ಹೆಲ್ಮೆಟ್ಟಿನ ಪಟ್ಟಿಯನ್ನು ಹಿಚುಕುತ್ತಿದ್ದವು. ಅದು ನನಗೊಬ್ಬನಿಗೇ ಕಂಡಿತು.

ನಾನೇ ಹೇಳಿಬಿಡಬಹುದಿತ್ತು. ನನ್ನ ಹೆಸರನ್ನು ನಾನೇ. ಹಳೆಯ ಅಭ್ಯಾಸ, ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಮಾರ್ಟಿ ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದ; ಹೇಳಿದ್ದರೆ ಗುಟ್ಟು ಅಲ್ಲೇ ಬಯಲಾಗುತ್ತಿತ್ತು.

ವೇಡ್ ತಲೆ ತಗ್ಗಿಸಿದ. ಪಕ್ಕದಲ್ಲಿದ್ದವಳು ಚಾಚಿದ ಟೋಪಿಗೆ ಸಹಿ ಹಾಕಿ ಮೇಲೆ ಹತ್ತಿ ಹೋದ.

ಗುಡ್ಡ ಬಿದ್ದು ಬಿದ್ದು ನಕ್ಕಿತು.

"ಅಯ್ಯೋ ಪೋಪಪ್ಪಾ, ನನ್ನ ಟೋಪಿ ಎಲ್ಲಿ!" ಲೆನ್ ತೊಡೆ ಬಡಿದುಕೊಂಡ. "ಪರಿಚಯಾನೇ ಇಲ್ವಲ್ಲೋ! ನಾಚ್ಕೆ ಆಗಲ್ವೇನೋ ನಿಂಗೆ?"

"ಬಿಡ್ರೋ, ಹುಡುಗ ಬಿಸಿಲಲ್ಲಿ ಕೂತು ಬೆಂದಿದಾನೆ," ಅಂದಳು ಡೊಲೋರಿಸ್. ಅವಳ ಕರುಣೆ ಲೆನ್‌ನ ನಗೆಗಿಂತ ಹೆಚ್ಚು ಚುಚ್ಚಿತು.

ಮಾರ್ಟಿ ಮಾತ್ರ ನಗಲಿಲ್ಲ. "ಒಂದ್ನಿಮಿಷ," ಅಂದ. "ಅವ್ನು ಬಾಯಿ ತೆಗೆದಿದ್ನಲ್ಲ. ಏನೋ ಹೇಳಕ್ ಹೋಗಿ ನಿಲ್ಸಿದ. ಯಾಕೆ? ಗ್ಯಾರೆಟ್, ಏನದು?"

ಒಂದು ಪದ ಸಾಕಾಗಿತ್ತು. ನಾನು ಸುಳ್ಳುಗಾರನಲ್ಲ ಎಂದಾಗುತ್ತಿತ್ತು, ವೇಡ್ ದಡ್ಡನಲ್ಲ ಎಂದೂ ಆಗುತ್ತಿತ್ತು, ಲೆನ್ ಬಾಯಿ ಮುಚ್ಚುತ್ತಿದ್ದ. ಐದೂವರೆಗೆ ಆ ಪದ ಜಿಲ್ಲೆಯೆಲ್ಲ ಹಬ್ಬುತ್ತಿತ್ತು. ಮುಂದಿನ ಪಂದ್ಯದಲ್ಲಿ ಅರವತ್ತು ಸಾವಿರ ಗಂಟಲುಗಳು ಅದನ್ನೇ ತೊದಲಿ ತೊದಲಿ ಕೂಗುತ್ತಿದ್ದವು.

ನನ್ನ ಕುರ್ಚಿ ಮಡಚಿದೆ.

"ಎಲ್ಲಿಗೋ? ಟ್ರಕ್ ಇನ್ನೂ ಹೊರಡಲ್ಲ!" ಎಂದ ಲೆನ್. "ಸೋಮವಾರ ಏಳಕ್ಕೆ ಅಂಗಡೀಲಿರ್ಬೇಕು ನೀನು, ಕೇಳುಸ್ತಾ? ಏಯ್! ಕೇಳ್ತಿರೋದು ನಿನ್ನನ್ನೇ!"

ಊರಿಗೆ ಎಂಟು ಮೈಲಿ, ನೆರಳಿಲ್ಲದ ದಾರಿ. ಕುರ್ಚಿಯನ್ನು ಹೆಗಲಿಗೇರಿಸಿ ಇಳಿಜಾರಿನಲ್ಲಿ ಕೆಳಗೆ ನಡೆದೆ. ಹಿಂದಿನಿಂದ ಮಾರ್ಟಿ ಮತ್ತೆ ಅದೇ ಪ್ರಶ್ನೆ ಕೂಗುತ್ತಿದ್ದ.