ನೆನೆಸಿಟ್ಟ ಹಲಗೆಗಳು

ಟೈಲರಿಗೆ ಮಾವನ ಬಾಯೆಂದರೆ ಸಿಂಹಸ್ವಪ್ನ. ಮಾವ ಬಡಗಿ, ನಲವತ್ತು ವರ್ಷದ ಕಸುಬಿನಲ್ಲಿ ಒಂದು ತಪ್ಪನ್ನೂ ತನ್ನದೆಂದು ಒಪ್ಪಿಕೊಂಡವರಲ್ಲ. ಬೇರೆಯವರ ತಪ್ಪು ಸಿಕ್ಕಿದರೆ ಮಾತ್ರ ನೆಂಟರ ಮನೆಮನೆಗೂ ಹೋಗಿ ಹಂಚಿ ಬರುವವರು. ಅಂಥವರ ಬಾಯಲ್ಲಿ ಒಮ್ಮೆಯಾದರೂ ಸೈ ಅನ್ನಿಸಿಕೊಳ್ಳಬೇಕೆಂದು ಟೈಲರು ಮಲಗುವ ಕೋಣೆಗೆ ತಾನೇ ಮರದ ನೆಲ ಹಾಕಲು ಹೊರಟ.

"ನಮ್ಮಪ್ಪನ್ನ ಒಂದು ಮಾತು ಕೇಳ್ರೀ," ಎಂದಳು ಹೆಂಡತಿ.

"ಹದಿನೈದು ವರ್ಷದಿಂದ ಅಳತೆ ಹಿಡಿದು ಕತ್ತರಿಸ್ತಾ ಇದೀನಿ. ಬಟ್ಟೆಯಾದ್ರೇನು, ಹಲಗೆಯಾದ್ರೇನು?"

ಹಲಗೆಗಳು ಬಂದವು. ಎಣ್ಣೆ, ಪಾಲಿಶ್ ಏನೂ ಕಾಣದ ಬರಿಮೈಯ ಮರ. ಟೈಲರಿಗೆ ಕಸುಬಿನ ಬುದ್ಧಿ ಓಡಿತು. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿ ಹಾಕುವವನು ಟೈಲರೇ ಅಲ್ಲ. ಹೊಲಿದ ಮೇಲೆ ಕುಗ್ಗಿದರೆ ಯಾರು ಹೊಣೆ? ಹಿತ್ತಲಿನ ತೊಟ್ಟಿಯಲ್ಲಿ ಹಲಗೆಗಳನ್ನೆಲ್ಲ ಮುಳುಗಿಸಿ, ಮೇಲೆ ಕಲ್ಲು ಹೇರಿ, ಎರಡು ದಿನ ನೆನೆಸಿದ. ಮೂರನೆಯ ದಿನ ಸುಡುಬಿಸಿಲಿಗೆ ಹರವಿದ. ಇಸ್ತ್ರಿ ಹಾಕಲಿಲ್ಲ, ಅದೇ ಪುಣ್ಯ.

ಸಂಜೆಯ ಹೊತ್ತಿಗೆ ಒಂದೊಂದು ಹಲಗೆಯೂ ದೋಣಿಯಂತೆ ಬಾಗಿ ಕೂತಿತ್ತು. ಟೈಲರು ಒಂದನ್ನು ಮೊಣಕಾಲಿನಿಂದ ಒತ್ತಿ ನೋಡಿದ, ಬಿಟ್ಟೊಡನೆ ಮತ್ತೆ ಬಾಗಿತು. ಹೆಂಡತಿ ಅವನನ್ನು ಕೇಳದೆಯೇ ಅಪ್ಪನಿಗೆ ಫೋನು ಮಾಡಿಬಿಟ್ಟಳು.

ಮಾವ ಬಂದು ಒಂದು ಹಲಗೆಯ ಮೇಲೆ ಕಾಲಿಟ್ಟರು. ಅದು ಆ ಕಡೆ ಈ ಕಡೆ ತೂಗಿತು.

"ನೀರಿಗೆ ಯಾಕಪ್ಪ ಹಾಕ್ದೆ?"

"ಕತ್ತರಿಸಿದ ಮೇಲೆ ಕುಗ್ಗಬಾರ್ದಲ್ಲ, ಮಾವ."

"ಮರ ನಿಂಗೆ ಗೊತ್ತಿಲ್ಲ. ಆದ್ರೆ ಕೆಲಸ ಗೊತ್ತಿಲ್ದೋನು ಇಷ್ಟೊಂದು ಯೋಚ್ನೆ ಮಾಡಲ್ಲ," ಎಂದು ಮಾವ ಅಂಗಿಯ ತೋಳು ಮಡಚಿದರು.

ನೆರಳಿನಲ್ಲಿ ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು, ಭಾರ ಹೇರಿ, ಮೂರು ವಾರ ಒಣಗಿಸಿದರು. ಮಾವ ಉಬ್ಬುತಗ್ಗು ಹೆರೆದರು. ಅಳಿಯ ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ಎಣ್ಣೆ ಕುಡಿಸಿದ. ಹಲಗೆ ಕೂರಿಸುವಾಗ ಮಾವ ಗೋಡೆಯಂಚಿಗೆ ಅರ್ಧ ಬೆರಳು ಜಾಗ ಬಿಡು ಅಂದರೆ, "ಹೊಲಿಗೆಗೆ ಬಿಟ್ಟ ಹಾಗೆ," ಎಂದು ತಲೆಯಾಡಿಸಿದ. ಎಲ್ಲ ಹಲಗೆಗಳೂ ದಾರಿಗೆ ಬಂದವು, ಬಾಗಿಲ ಬಳಿ ಟೈಲರೇ ಕೂರಿಸಿದ್ದೊಂದು ಬಿಟ್ಟು.

ಭಾನುವಾರ ಷಡ್ಡಕ ನೆಲ ನೋಡಲು ಬಂದ. ಮಾವನ ಹಿರಿಯ ಅಳಿಯ. ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ. ಒಳಗೆ ಕಾಲಿಟ್ಟದ್ದೇ ತಡ, ಆ ಹಲಗೆ ಕಟಕ್ಕೆಂದಿತು.

"ಇದ್ಯಾರು ಕೂರ್ಸಿದ್ದು? ನಮ್ಮ ಟೈಲರ್ ಸಾಹೇಬ್ರಾ?"

ಟೈಲರು ತಲೆ ತಗ್ಗಿಸಿದ. ಮಾವ ಈಗ ಬಾಯಿ ತೆರೆದರೆ ತೊಟ್ಟಿಯ ಕಥೆ ನಾಳೆಯೊಳಗೆ ನೆಂಟರಿಗೆಲ್ಲ ಮುಟ್ಟುತ್ತದೆ, ಇನ್ನು ತಾನು ಮುಖ ಎತ್ತಿ ತಿರುಗಿದ ಹಾಗೇ.

"ನಾನೇ," ಎಂದರು ಮಾವ. "ವಯಸ್ಸಾಯ್ತು. ಕೈ ಮೊದ್ಲಿನ ಹಾಗಿಲ್ಲ."

ಟೈಲರಿಗೆ ತಡೆಯಲಾಗಲಿಲ್ಲ. "ಇಲ್ಲ, ಅದು ನಾನು..." ಎನ್ನುವಷ್ಟರಲ್ಲಿ ಮಾವ ಹಿಮ್ಮಡಿಯಿಂದ ಅವನ ಪಾದವನ್ನು ಬಲವಾಗಿ ತುಳಿದರು. ಟೈಲರ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದದ್ದೆಂದು ಹೆಂಡತಿ ಅಂದುಕೊಂಡಳು. ಹಾಗೇ ಅಂದುಕೊಳ್ಳಲಿ ಎಂದು ಅವನೂ ಸುಮ್ಮನಾದ.