ಯಾರೂ ಮುಟ್ಟಬಾರದ ಮೂಗು

ಅರುಣಾ ಮೂಗಿನ ಆಪರೇಷನ್ ಮಾಡಿಸಿಕೊಂಡದ್ದು ಯಾರ ಬಲವಂತಕ್ಕೂ ಅಲ್ಲ. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿಯುವ ಹುಡುಗಿ, ತನ್ನ ಮೊಂಡು ಮೂಗು ತನಗೇ ಹಿಡಿಸಲಿಲ್ಲ, ತಿದ್ದಿಸಿಕೊಂಡಳು. ಅದರಿಂದ ಊರಿನ ಗಂಟೇನೂ ಹೋಗಿರಲಿಲ್ಲ. ಆದರೆ ಮೂರು ತಿಂಗಳಾದರೂ ತುದಿಯ ಊತ ಇಳಿಯದೆ, ಮೂಗು ಕೊಂಚ ಎಡಕ್ಕೆ ವಾಲಿದಂತೆ ಕಾಣುತ್ತಿತ್ತು. ಪೂರ್ತಿ ವಾಸಿಯಾಗಲು ವರ್ಷ ಬೇಕು, ಅಲ್ಲಿಯವರೆಗೆ ಒತ್ತಬೇಡಿ, ತಿಕ್ಕಬೇಡಿ ಎಂದಿದ್ದರು ತುಮಕೂರಿನ ಡಾಕ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು ಎಂದು ನೆಂಟರು ನಕ್ಕರು. ಹೀಗೇ ಉಳಿದುಬಿಟ್ಟರೆ ಎಂಬ ಭಯ ಅವಳಿಗೂ ಇತ್ತು.

ಕುಣಿಗಲ್‌ನಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ಭಾನುವಾರ, ತಾಯಿ ರೇವಮ್ಮ ಮಗಳನ್ನು ಬೆಳಿಗ್ಗೆಯೇ ಗುಬ್ಬಿಗೆ, ತನ್ನ ತವರಿಗೆ ಎಳೆದುಕೊಂಡು ಹೋದಳು. ಅಜ್ಜಿ ದೊಡ್ಡಗಂಗಮ್ಮ ಗುಬ್ಬಿಯ ಅರ್ಧ ಊರಿನ ಹಸುಗೂಸುಗಳಿಗೆ ಎಣ್ಣೆನೀರು ಹಾಕಿದವಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆಯ ಬೆರಳಲ್ಲಿ ಮೂಗು ನೀವಿ ನೀವಿ ನೆಟ್ಟಗೆ ಮಾಡುವುದರಲ್ಲಿ ಅವಳ ಕೈಗೆ ಹೆಸರಿತ್ತು. ಎಳೆಗೂಸಿನ ಮೂಗು ಬೇರೆ, ಹೊಲಿಗೆ ಬಿದ್ದ ಮೂಗು ಬೇರೆ ಎಂಬುದು ರೇವಮ್ಮನಿಗೂ ಹೊಳೆಯಲಿಲ್ಲ, ಅವಳ ತಾಯಿಗೂ ಹೊಳೆಯಲಿಲ್ಲ.

ಬಚ್ಚಲಲ್ಲಿ ನೆತ್ತಿಗೆ ಎಣ್ಣೆ ಒತ್ತುತ್ತಿದ್ದ ಅಜ್ಜಿಯ ಹೆಬ್ಬೆರಳು ಮೂಗಿಗೆ ಇಳಿಯಿತು. ಅರುಣಾ ತಟ್ಟನೆ ಅವಳ ಮಣಿಕಟ್ಟು ಹಿಡಿದಳು.

"ಕೈ ಬುಡೇ. ನಾಕು ಸಲ ನೀವುದ್ರೆ ನೆಟ್ಟಗಾಯ್ತದೆ. ನೀನು ಹುಟ್ದಾಗ ತಿದ್ದಿದ್ದೂ ನಾನೇ ಕಣೇ."

"ಗೊತ್ತು ಅಜ್ಜಿ. ಈಗ ಮುಟ್ಬೇಡ. ಒಳಗಿನ ಗಾಯ ಇನ್ನೂ ಕೂಡ್ಕೋತಾ ಇದೆ."

"ನಾನು ತಿದ್ದಿದ್ದು ನಿಂಗೆ ಸಾಲ್ದಾಯ್ತಾ?"

ಅರುಣಾಳಿಗೆ ಅಯ್ಯೋ ಎನಿಸಿತು. ಆದರೂ ಹಿಡಿತ ಸಡಿಲಿಸಲಿಲ್ಲ.

ಮಧ್ಯಾಹ್ನ ಕುಣಿಗಲ್‌ನವರು ಗುಬ್ಬಿಯ ಆ ಮನೆಗೇ ಬಂದರು. ರೇವಮ್ಮ ಮಗಳ ಎಡಗೆನ್ನೆ ಗೋಡೆಯ ಕಡೆಗೆ ಬರುವಂತೆ ಕುರ್ಚಿ ಹಾಕಿದ್ದಳು. ಯಾರೂ ಕೇಳುವ ಮೊದಲೇ, "ಸ್ಕೂಟರಿಂದ ಬಿದ್ಲು, ಅದ್ಕೇ ಮೂಗು ಸ್ವಲ್ಪ ಊದೈತೆ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು; ನೋಡದಿದ್ದವರೂ ಈಗ ನೋಡಿದರು. ಅರುಣಾ ಎದ್ದು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ಕೂತಳು.

"ಬಿದ್ದಿಲ್ಲ. ಚೆನ್ನಾಗ್ ಕಾಣ್ಲಿ ಅಂತ ನಾನೇ ಆಪರೇಷನ್ ಮಾಡಿಸ್ಕೊಂಡೆ. ವರ್ಷಕ್ಕೆ ಸರಿಹೋಗ್ಬಹುದು, ಹಿಂಗೇ ಉಳೀಲೂಬಹುದು."

ಹುಡುಗ ಅಶ್ವಥ್ ತಾಯಿಯ ಮುಖ ನೋಡಿದ. ಆಕೆ ಅರುಣಾಳನ್ನು ಎರಡೂ ಬದಿಯಿಂದ ನೋಡಿ, ಸಮಾಧಾನವಾಗಿಯೇ ಹೇಳಿದಳು. "ಹಂಗಾದ್ರೆ ವರ್ಷ ಕಳೀಲಿ ಬುಡಿ. ಮೂಗು ಸರಿಯಾದ್ರೆ ಬಂದು ಇನ್ನೊಂದ್ಸಲ ನೋಡ್ತೀವಿ."

ಅರುಣಾ ಆಕೆಯ ಕಡೆಗೇ ತಿರುಗಿ ಹೇಳಿದಳು.

"ಹೆಂಗಾದ್ರೂ ಇದು ನನ್ ಮೂಗೇ. ಸರಿಯಾದ್ರೆ ಮಾತ್ರ ಬರ್ತೀವಿ ಅನ್ನೋರು ಆಗ್ಲೂ ಬರೋದು ಬೇಡ."

ರೇವಮ್ಮ ತಲೆಯ ಮೇಲೆ ಕೈ ಹೊತ್ತಳು. ಬೆಳಿಗ್ಗೆಯಿಂದ ಮುನಿಸಿಕೊಂಡು ಅಡುಗೆಮನೆ ಸೇರಿದ್ದ ದೊಡ್ಡಗಂಗಮ್ಮ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಕಾಫಿ ಲೋಟಗಳನ್ನು ಎತ್ತತೊಡಗಿದಳು. ಅಶ್ವಥನ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಅದನ್ನೂ ಎತ್ತಿಕೊಂಡಳು.