ಎಡಗಡೆ ಮ್ಯಾಟಿನ ತೂತು

ನಾನು ಒಂದು ಹಳೆಯ ಕಾರು. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನ ಬಣ್ಣ ಹಾಲಿನಷ್ಟು ಬಿಳುಪು. ಈಗ ನೋಡಿದವರು ಬೂದಿ ಬಣ್ಣ ಅನ್ನುತ್ತಾರೆ. ಹುಬ್ಬಳ್ಳಿಯ ಡಾಕ್ಟರೊಬ್ಬರು ಎಂಟು ವರ್ಷ ಓಡಿಸಿದರು. ಅವರ ಮನೆಗೆ ದೊಡ್ಡ ಕಾರು ಬಂದ ಮೇಲೆ ನಾನು ಗದಗಿನ ಫಕ್ಕೀರಪ್ಪ ಮಾಸ್ತರರ ಕೈಸೇರಿದೆ.

ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಧೈರ್ಯದ ವಿಷಯದಲ್ಲಿ ಮಾತ್ರ ದೊಡ್ಡ ಸೊನ್ನೆ. ಎದುರಿಗೆ ಎತ್ತಿನ ಬಂಡಿ ಕಂಡರೂ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಅದು ದಾಟಿಹೋದ ಮೇಲೆ ಹೊರಡುವರು. ಎತ್ತುಗಳೇ ನಮ್ಮನ್ನು ತಿರುಗಿ ನೋಡುತ್ತಿದ್ದವು. ಹೀಗೆ ಹನ್ನೊಂದು ವರ್ಷ ನೆಮ್ಮದಿಯಿಂದ ಕಳೆದವು. ಆಮೇಲೆ ಮಗಳು ನೀಲಾಳಿಗೆ ಹದಿನೆಂಟು ತುಂಬಿತು. ಅವಳು ಲೈಸೆನ್ಸಿಗೆ ಅರ್ಜಿ ಹಾಕಿದ ದಿನದಿಂದ ಮಾಸ್ತರರಿಗೆ ಊಟ ರುಚಿಸಲಿಲ್ಲ.

ಅವಳು ಸ್ಟೇರಿಂಗ್ ಹಿಡಿದಳು, ಅವರು ಎಡಗಡೆ ಕೂತರು. ಕೂತವರು ಸುಮ್ಮನಿರಬೇಕಲ್ಲ? ಎದುರಿಗೆ ನಾಯಿ ಬಂದರೆ, ಬಸ್ಸು ಬಂದರೆ, ಏನೂ ಬರದಿದ್ದರೂ, ಬಲಗಾಲಿನಿಂದ ನೆಲವನ್ನು ಜೋರಾಗಿ ಒತ್ತುವರು. ಅಲ್ಲಿ ಬ್ರೇಕಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಒತ್ತಿ ಒತ್ತಿ ಕೆಲವೇ ತಿಂಗಳಲ್ಲಿ ಮ್ಯಾಟಿಗೆ ತೂತು ಬಿತ್ತು.

ನನ್ನ ವಯಸ್ಸಿನ ಚಿಂತೆಯೂ ಅವರಿಗಿತ್ತು. ನನ್ನ ಬ್ರೇಕು ಎಂದಾದರೂ ಕೈಕೊಟ್ಟರೆ? ಅದಕ್ಕಾಗಿ ಪ್ರತಿ ಭಾನುವಾರ ಶಾಲೆಯ ಮೈದಾನದಲ್ಲಿ ಬ್ರೇಕು ಮುಟ್ಟದೆ, ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ನನ್ನನ್ನು ನಿಲ್ಲಿಸುವುದನ್ನು ಕಲಿಸಿದರು. ನೀಲಾಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅವರು ಬಿಡಲಿಲ್ಲ.

ಲೈಸೆನ್ಸು ಕೈಗೆ ಬಂದ ಮೇಲೆ ನೀಲಾ ಅಪ್ಪನನ್ನು ಡಂಬಳಕ್ಕೆ ಕರೆದುಕೊಂಡು ಹೊರಟಳು. ಹೊರಡುವ ಮುಂಚೆ ಮಾಸ್ತರರು ಪೂಜೆ ಮಾಡಿಸಿ ತಂದ ನಿಂಬೆಹಣ್ಣೊಂದನ್ನು ಸ್ಟೇರಿಂಗಿನ ಮುಂದೆ ಇಟ್ಟು ಕೈಮುಗಿದರು. ಮಗಳನ್ನು ಅದು ಕಾಯಲಿ ಎಂದು.

ಇಳಿಜಾರಿನಲ್ಲಿ ಕುರಿ ಹಿಂಡೊಂದು ರಸ್ತೆಗೆ ಇಳಿಯುತ್ತಿತ್ತು. ತಿರುವಿನಲ್ಲಿ ನಿಂಬೆಹಣ್ಣು ಉರುಳಿ ಕೆಳಗೆ ಬಿದ್ದು, ಬ್ರೇಕಿನ ಪೆಡಲಿನ ಹಿಂದೆ ಸಿಕ್ಕಿಕೊಂಡಿತು. ನೀಲಾ ತುಳಿದಳು. ಪೆಡಲು ಕದಲಲಿಲ್ಲ.

"ಅಪ್ಪಾ, ಬ್ರೇಕ್ ಕೆಳಗ ಹೋಗವಲ್ದು," ಅಂದಳು. ಧ್ವನಿ ನಡುಗಲಿಲ್ಲ.

ಮಾಸ್ತರರು ಎರಡೂ ಕಾಲಿನಿಂದ ನನ್ನ ನೆಲ ಒತ್ತಿದರು. ಅಷ್ಟರಲ್ಲಿ ನೀಲಾ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಗೇರು ಇಳಿಸಿ, ಭಾನುವಾರಗಳಲ್ಲಿ ಕಲಿತಂತೆಯೇ ಹ್ಯಾಂಡ್‌ಬ್ರೇಕು ಎಳೆದಳು. ಕೊನೆಯ ಕುರಿಗೆ ನಾಲ್ಕು ಮಾರು ದೂರದಲ್ಲಿ ನಾನು ನಿಂತೆ.

ಅವಳು ಬಗ್ಗಿ ನಿಂಬೆಹಣ್ಣನ್ನು ಹೊರತೆಗೆದಳು. ಮಾಸ್ತರರು ಅದನ್ನು ನೋಡಿ, ಕೆಳಗಿಳಿದು ರಸ್ತೆ ಬದಿಗೆ ಕೂತು ಅತ್ತರು.

"ನಾನ ಇಟ್ಟಿದ್ನವ್ವಾ ಅದನ್ನ."

"ನಿಲ್ಲಿಸೋದನ್ನೂ ನೀನ ಕಲಿಸಿದ್ದಿ ಅಪ್ಪಾ."

ಅವರು ಕಣ್ಣೊರೆಸಿಕೊಂಡರು. "ಇನ್ನ ಮ್ಯಾಲೆ ಎಲ್ಲಿಗೆ ಬೇಕಾದ್ರೂ ಹೋಗು. ನನ್ನ ಹೆದರಿಕಿ ಹೋಗಂಗಿಲ್ಲ. ಅದಕ್ಕಂತ ನೀ ನಿಲ್ಲಬ್ಯಾಡ."

ಆಮೇಲೆ ಆರು ವರ್ಷ ನೀಲಾಳೇ ನನ್ನನ್ನು ಓಡಿಸಿದಳು. ಈಗ ನಾನು ಗುಜರಿ ಅಂಗಡಿಯ ಹಿಂದೆ, ಚಕ್ರಗಳಿಲ್ಲದೆ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಮೊನ್ನೆ ಅವಳು ಅಪ್ಪನನ್ನೂ ಕರೆದುಕೊಂಡು ಹೊಸ ಕಾರಿನಲ್ಲಿ ಬಂದಳು. ಗುಜರಿಯವನ ಹತ್ತಿರ ನನ್ನ ಎಡಗಡೆಯ ಮ್ಯಾಟು ಕೇಳಿದಳು. ತೂತು ಬಿದ್ದದ್ದು ಯಾಕೆ ಬೇಕೆಂದು ಅವನು ನಕ್ಕ.

"ನಮ್ಮಪ್ಪ ಕೂಡೋ ಕಡೆ ಹಾಸಬೇಕು," ಅಂದಳು.

ಅಲ್ಲೇ ಹೊಸ ಕಾರಿನಲ್ಲಿ ಮ್ಯಾಟು ಹಾಸಿದ ಮೇಲೆ ಮಾಸ್ತರರು ಮೆಲ್ಲಗೆ ಹತ್ತಿ ಕೂತರು. ಕಾರು ಇನ್ನೂ ಹೊರಟೇ ಇರಲಿಲ್ಲ, ಅವರ ಬಲಗಾಲು ಆಗಲೇ ಆ ತೂತಿನ ಮೇಲಿತ್ತು.